ತೋಟದ ದಾರಿಗೆ ದೊಡ್ಡ ಗಾಡಿ: ಪ್ಲಗ್-ಇನ್ ಹೈಬ್ರಿಡ್ಡಾ, ಪೂರ್ತಿ ಎಲೆಕ್ಟ್ರಿಕ್ಕಾ?

ಮಾವಿನತೋಪು (ಶ್ರೀನಿವಾಸಪುರ):
ನನ್ನ ಡೀಸೆಲ್ ಜೀಪಿಗೆ ಈ ವರ್ಷ ಹದಿನೈದು ತುಂಬುತ್ತದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಮಾಡಿಸಿ ಇನ್ನೂ ಓಡಿಸಬಹುದು. ಆದರೆ ಮಗಳು ಹೊಗೆಗೆ ಕೆಮ್ಮುತ್ತಾಳೆ, ಹಾಗಾಗಿ ಬದಲಾಯಿಸೋಣ ಅಂತ ಇದ್ದೇನೆ. ಮನೆಯಿಂದ ತೋಟಕ್ಕೆ 6 ಕಿ.ಮೀ. ಅದರಲ್ಲಿ ಕೊನೆಯ ಎರಡು ಬಂಡಿ ದಾರಿ, ಮಧ್ಯೆ ಒಂದು ಹಳ್ಳ. ವಾರಕ್ಕೊಮ್ಮೆ ಕೋಲಾರ, ತಿಂಗಳಿಗೊಮ್ಮೆ ಬೆಂಗಳೂರು. ವರ್ಷಕ್ಕೆ ಎರಡು ಸಲ ಗೆಳೆಯರ ಜೊತೆ ಸಕಲೇಶಪುರದ ಕಡೆ ಕೆಸರು ದಾರಿ. ಪ್ಲಗ್-ಇನ್ ಹೈಬ್ರಿಡ್, ಅಂದರೆ ಎಂಜಿನ್ ಜೊತೆಗೆ ಮನೆಯಲ್ಲೇ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಗಾಡಿ, ನನಗೆ ಸರಿಹೋಗುತ್ತದೆ ಅನ್ನಿಸುತ್ತಿದೆ. ತೋಟಕ್ಕೆ ಕರೆಂಟಿನಲ್ಲಿ, ದೂರಕ್ಕೆ ಪೆಟ್ರೋಲಿನಲ್ಲಿ. ನೀವೆಲ್ಲ ಏನು ಹೇಳುತ್ತೀರಿ?

ಗ್ಯಾರೇಜ್ ಮನೆ (ಚಿಂತಾಮಣಿ):
ಅಣ್ಣಾ, ಲೆಕ್ಕ ಸರಿ ಇದೆ. ಗಾಡಿ ಎಲ್ಲಿದೆ ಅನ್ನೋದೇ ಪ್ರಶ್ನೆ. ನೀವು ಹೇಳುವ ತರದ್ದು ಜೀಪ್ ರ‍್ಯಾಂಗ್ಲರ್ ಫೋರ್ ಎಕ್ಸ್ ಇ. ಅದರ ಬ್ಯಾಟರಿ 17.3 ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟ್ ಹಿಡಿಯುತ್ತದೆ. ಅಮೆರಿಕದ ಪರೀಕ್ಷೆಯಲ್ಲಿ ಕರೆಂಟಿನಲ್ಲೇ 35 ಕಿ.ಮೀ. ಹತ್ತಿರ ಓಡುತ್ತದೆ. ನಿಮ್ಮ ತೋಟಕ್ಕೆ ಎರಡು ಸಲ ಹೋಗಿ ಬಂದರೂ ಮಿಗುತ್ತದೆ. ಆದರೆ ಅದನ್ನು ನಮ್ಮ ಶೋರೂಮುಗಳಲ್ಲಿ ಮಾರುತ್ತಿಲ್ಲ. ಇಲ್ಲಿ ನಾನು ನೋಡಿದ ದೊಡ್ಡ ಪ್ಲಗ್-ಇನ್ ಗಾಡಿಗಳು ರೇಂಜ್ ರೋವರ್ ತರದವು, ಕೋಟಿ ಮೇಲಿನ ಮಾತು.

ಇನ್ನೊಂದು ವಿಷಯ. 2025ರಲ್ಲಿ ಟೊಯೊಟಾ ಫಾರ್ಚೂನರಿಗೆ 48 ವೋಲ್ಟ್ ಹೈಬ್ರಿಡ್ ಬಂತಲ್ಲ, ಅದನ್ನು ಪ್ಲಗ್-ಇನ್ ಅಂದುಕೊಂಡು ತುಂಬಾ ಜನ ಕೇಳುತ್ತಾರೆ. ಅದಕ್ಕೆ ಪ್ಲಗ್ಗೇ ಇಲ್ಲ. ಡೀಸೆಲ್ ಎಂಜಿನ್ನಿಗೆ ಚಿಕ್ಕ ಮೋಟಾರ್ ಒಂದು ಕೈ ಕೊಡುತ್ತದೆ, ಅಷ್ಟೇ. ಬರೀ ಕರೆಂಟಿನಲ್ಲಿ ತೋಟಕ್ಕೆ ಹೋಗಲು ಆಗುವುದಿಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):
ಹಾಗಾದರೆ ಪೂರ್ತಿ ಎಲೆಕ್ಟ್ರಿಕ್ ನೋಡಿ. ಟಾಟಾ ಹ್ಯಾರಿಯರ್ ಇವಿ ಫೋರ್ ವೀಲ್ ಡ್ರೈವಿನಲ್ಲಿ ಇದೆ. ಮುಂದೊಂದು ಮೋಟಾರ್, ಹಿಂದೊಂದು ಮೋಟಾರ್, 75 ಯೂನಿಟ್ ಬ್ಯಾಟರಿ, 504 ನ್ಯೂಟನ್ ಮೀಟರ್ ಎಳೆತ. 600 ಮಿ.ಮೀ. ನೀರಿನಲ್ಲಿ ಹೋಗಬಹುದು ಅಂತ ಕಂಪನಿಯೇ ಹೇಳುತ್ತದೆ.

ಬೆಟ್ಟ ಹತ್ತಿದರೆ ಚಾರ್ಜ್ ಖಾಲಿ ಅನ್ನುವ ಭಯ ನನಗೂ ಇತ್ತು. ಕೂತು ಲೆಕ್ಕ ಹಾಕಿದೆ. ನಮ್ಮ ಊರಿಂದ ನಂದಿ ತುದಿಗೆ ಸುಮಾರು 560 ಮೀಟರ್ ಏರು. ಎರಡೂಕಾಲು ಟನ್ ಗಾಡಿಯನ್ನು ಅಷ್ಟು ಮೇಲೆತ್ತಲು ಬೇಕಾಗುವುದು ಮೂರೂವರೆ ಯೂನಿಟ್. ರಸ್ತೆಯ ಎಳೆತ ಅದರ ಮೇಲೆ ಬೇರೆ. ಇಳಿಯುವಾಗ ಮೋಟಾರೇ ಬ್ರೇಕ್ ಹಿಡಿಯುತ್ತದೆ, ಎತ್ತಿದ್ದರಲ್ಲಿ ಅರ್ಧದ ಹತ್ತಿರ ಬ್ಯಾಟರಿಗೆ ವಾಪಸ್ ಬರುತ್ತದೆ. ಡೀಸೆಲ್ ಗಾಡಿಯಲ್ಲಿ ಅದೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತಿತ್ತು ಅಲ್ವಾ?

ಬಂಡೆ ಮೇಲೆ ನಿಧಾನಕ್ಕೆ ಹತ್ತುವಾಗಲೂ ಇದೇ ಚೆನ್ನ. ಆರ್‌ಪಿಎಂ ಏರುವವರೆಗೆ ಕಾಯಬೇಕಾಗಿಲ್ಲ. ಚಕ್ರ ನಿಂತಲ್ಲಿಂದಲೇ ಪೂರ್ತಿ ಎಳೆತ ಸಿಗುತ್ತದೆ.

ಕೆರೆ ಏರಿ (ಕೋಲಾರ):
ಏರುವುದು ಸರಿ. ಹೂತುಕೊಂಡರೆ? 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ಬರುತ್ತಿರುವ ಕೆರೆಗಳ ಪಕ್ಕ ಓಡಾಡಿ ನೋಡಿ. ಮೊದಲು ಬಿರುಕು ಬಿಟ್ಟ ನೆಲ ಇದ್ದ ಕಡೆ ಈಗ ಮೇಲೆ ಗಟ್ಟಿ ಕಾಣುತ್ತದೆ, ಒಳಗೆಲ್ಲ ಗೋಡು. ಅಲ್ಲಿ ಗೆಲ್ಲುವುದು ಎಳೆತ ಅಲ್ಲ, ಹಗುರ. ಐದು ಬಾಗಿಲ ಮಾರುತಿ ಜಿಮ್ನಿ ಸುಮಾರು 1,200 ಕೆ.ಜಿ. ಹ್ಯಾರಿಯರ್ ಇವಿ ಎರಡು ಟನ್ ಮೇಲೆ. ಮರ್ಸಿಡಿಸ್ ಜಿ 580 ಅಂತೂ ಮೂರು ಟನ್ ದಾಟುತ್ತದೆ. ಭಾರದ ಗಾಡಿ ಒಮ್ಮೆ ಕೂತರೆ ಟ್ರ್ಯಾಕ್ಟರ್ ಬರಬೇಕು. ಹೋದ ಮಳೆಗಾಲ ನನ್ನ ಭಾವನ ದೊಡ್ಡ ಎಸ್‌ಯುವಿಯನ್ನು ಹೊರಗೆ ತೆಗೆಯಲು ಎರಡು ಟ್ರ್ಯಾಕ್ಟರ್, ಅರ್ಧ ದಿನ ಹಿಡಿಯಿತು.

ಮತ್ತೆ, ಬ್ಯಾಟರಿ ಇರುವುದು ಹೊಟ್ಟೆ ಕೆಳಗೆ. ನಮ್ಮದು ಬಂಡೆಗಳ ಸೀಮೆ. ಕೆಳಗೆ ರಕ್ಷಣೆಯ ತಗಡು ಎಷ್ಟು ದಪ್ಪ ಇದೆ ಅಂತ ಬಗ್ಗಿ ನೋಡದೆ ದುಡ್ಡು ಕಟ್ಟಬೇಡಿ.

ನಂದಿ ತಪ್ಪಲು:
ಭಾರದ ಮಾತು ಒಪ್ಪುತ್ತೇನೆ. ನೀರಿನ ವಿಷಯದಲ್ಲಿ ಮಾತ್ರ ಎಲೆಕ್ಟ್ರಿಕ್ ಹಿಂದೆ ಬೀಳುವುದಿಲ್ಲ. ನೀವು ಹೇಳಿದ ಜಿ 580ನೇ ತೆಗೆದುಕೊಳ್ಳಿ. ಒಂದೊಂದು ಚಕ್ರಕ್ಕೆ ಒಂದೊಂದು ಮೋಟಾರ್, 116 ಯೂನಿಟ್ ಬ್ಯಾಟರಿ. 2025ರ ಜನವರಿಯಲ್ಲಿ ಇಲ್ಲಿಗೆ ಬಂದಾಗ ಬೆಲೆ ಮೂರು ಕೋಟಿ, ಅದು ನಮಗೆ ಬೇಡ. ಆದರೆ ಅದು 850 ಮಿ.ಮೀ. ನೀರಲ್ಲಿ ಹೋಗುತ್ತದೆ, ಅದೇ ಗಾಡಿಯ ಎಂಜಿನ್ ಮಾದರಿಗೆ 700. ಗಾಳಿ ಎಳೆಯುವ ಎಂಜಿನ್ನೇ ಇಲ್ಲದಿದ್ದರೆ ನೀರು ಕುಡಿಯುವುದು ಯಾವುದು? ಬ್ಯಾಟರಿಯ ಸೀಲು ಭದ್ರ ಇರಬೇಕು, ಅದು ಮುಖ್ಯ.

ವೈರಿಂಗ್ ಕೆಲಸ (ಮುಳಬಾಗಿಲು):
ಎಲ್ಲರೂ ಗಾಡಿ ಬಗ್ಗೆ ಮಾತಾಡಿದಿರಿ, ಮನೆ ಮೀಟರ್ ಬಗ್ಗೆ ಯಾರೂ ಕೇಳಲಿಲ್ಲ. 75 ಯೂನಿಟ್ ಬ್ಯಾಟರಿಯನ್ನು ಗೀಸರ್ ಸಾಕೆಟ್ಟಿನಿಂದ, ಅಂದರೆ 3.3 ಕಿಲೋವ್ಯಾಟಿನಲ್ಲಿ ತುಂಬಲು ಒಂದು ಹಗಲು ಒಂದು ರಾತ್ರಿ ಬೇಕು. 7.2 ಕಿಲೋವ್ಯಾಟ್ ಚಾರ್ಜರ್ ಹಾಕಿದರೆ ಹತ್ತು ಹನ್ನೊಂದು ಗಂಟೆ. ಅದು ರಾತ್ರಿಯಿಡೀ 30 ಆಂಪ್ ಮೇಲೆ ಎಳೆಯುತ್ತದೆ. ಹಳ್ಳಿ ಮನೆಗಳ ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಲು ಅನುಮತಿ ಇರುವ ಕರೆಂಟ್) ಅಷ್ಟಿರುವುದೇ ಅಪರೂಪ.

ಹೋದ ವರ್ಷ ಒಂದು ಮನೆಗೆ ಹೋಗಿದ್ದೆ. ಹಳೇ ವೈರಿನ ಸಾಕೆಟ್ಟಿಗೆ ಸುಮ್ನೆ ಕಾರು ಸಿಕ್ಕಿಸಿದ್ದರು. ಸಾಕೆಟ್ ಕರಗಿ ಗೋಡೆ ಕಪ್ಪಾಗಿತ್ತು. ಅಜ್ಜಿ ಪಕ್ಕದ ಕೋಣೆಯಲ್ಲೇ ಮಲಗಿದ್ದರು. ಅದನ್ನು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಮೀಟರಿನಿಂದ ನೇರ 6 ಚದರ ಮಿ.ಮೀ. ತಾಮ್ರದ ವೈರ್, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಹೊಸ ಅರ್ಥಿಂಗ್. ಇವಿಷ್ಟು ಇಲ್ಲದೆ ಬೇಡ.

ಬೋರ್‌ವೆಲ್ ಲೈನಿಗೆ ಕಾರು ಹಾಕುವ ಯೋಚನೆಯನ್ನೂ ಮಾಡಬೇಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಉಚಿತ ಕರೆಂಟ್ ಕೊಡುವುದು ಬೆಳೆಗೆ.

ಮಾವಿನತೋಪು:
ಸತ್ಯವಾಗಿ, ಇದು ನನ್ನ ತಲೆಗೆ ಬಂದಿರಲಿಲ್ಲ. ನನ್ನ ಮನೆ ಲೋಡ್ 2 ಕಿಲೋವ್ಯಾಟ್.

ಬಿಸಿಲ ಸೀಮೆ (ಪಾವಗಡ):
ನಮ್ಮ ತಾಲ್ಲೂಕಿನಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಆದರೂ ಗಾಳಿ ಮಳೆ ಬಂದರೆ ನಮ್ಮ ಮನೆಯಲ್ಲಿ ಕತ್ತಲೆ. ಹಾಗಾಗಿ ನನಗೆ ಎಲೆಕ್ಟ್ರಿಕ್ ಗಾಡಿಯ ಆಸೆ ಬೇರೆ ಕಾರಣಕ್ಕೆ. ಹ್ಯಾರಿಯರ್ ಇವಿಯಂಥದ್ದರಲ್ಲಿ ಗಾಡಿಯಿಂದಲೇ ಹೊರಗೆ ಕರೆಂಟ್ ತೆಗೆಯಬಹುದು. ಮನೆಯ ಫ್ರಿಜ್, ಫ್ಯಾನು, ದೀಪ ಸೇರಿ ದಿನಕ್ಕೆ ಐದಾರು ಯೂನಿಟ್ ಅಂದುಕೊಳ್ಳಿ. ಅರ್ಧ ಬ್ಯಾಟರಿ ಐದು ದಿನ ದೂಡುತ್ತದೆ. ಸಣ್ಣ ಬ್ಯಾಟರಿಯ ಹೈಬ್ರಿಡ್ ಅಷ್ಟು ದಿನ ಬರುವುದಿಲ್ಲ.

ಗ್ಯಾರೇಜ್ ಮನೆ:
ಸಕಲೇಶಪುರವನ್ನು ಮರೆಯಬೇಡಿ. ಶ್ರೀನಿವಾಸಪುರದಿಂದ 300 ಕಿ.ಮೀ. ಮೇಲೆ ಆಗುತ್ತದೆ. ದಾರಿಯಲ್ಲಿ ಚಾರ್ಜ್ ಮಾಡಿಕೊಂಡು ಹೋಗಬಹುದು, ಸರಿ. ಅಲ್ಲಿ ಕೆಸರಿಗೆ ಇಳಿದ ಮೇಲೆ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಸಡಿಲ ಮಣ್ಣಿನಲ್ಲಿ ಟಾರಿಗಿಂತ ನಾಲ್ಕು ಪಟ್ಟು ಕರೆಂಟ್ ತಿನ್ನಬಹುದು. ಇನ್ನು ಹ್ಯಾರಿಯರಿನಲ್ಲಿ ಕಷ್ಟದ ದಾರಿಗೆ ನಿಧಾನವಾಗಿ ಎಳೆಯುವ ಲೋ ಗೇರ್ ಇಲ್ಲ, ಅಡಿಯಲ್ಲಿ ಜೀಪಿನಂಥ ಚಾಸಿಯೂ (ಗಟ್ಟಿ ಉಕ್ಕಿನ ಚೌಕಟ್ಟು) ಇಲ್ಲ. ತೋಟದ ದಾರಿಗೆ ಅದು ಧಾರಾಳ ಸಾಕು. ಕಾಡುದಾರಿಗೆ ನಾನಾದರೆ ನಿಮ್ಮ ಹಳೇ ಜೀಪನ್ನೇ ಇಟ್ಟುಕೊಳ್ಳುತ್ತೇನೆ.

ನಂದಿ ತಪ್ಪಲು:
ನಾಲ್ಕು ಪಟ್ಟು ಅಂದರೂ ದಿನಕ್ಕೆ ಹತ್ತು ಕಿ.ಮೀ. ಕೆಸರಿಗೆ ಏಳೆಂಟು ಯೂನಿಟ್ ಆಯಿತು. ಇರುವುದು 75. ಚಾಸಿ ಬಗ್ಗೆ ಹೇಳಿದ್ದಕ್ಕೆ ನನ್ನ ತಕರಾರಿಲ್ಲ.

ಮಾವಿನತೋಪು:
ಈ ಬೆಳಿಗ್ಗೆ ಹಳ್ಳಕ್ಕೆ ಕೋಲು ಹಿಡಿದು ಇಳಿದೆ. ಬಂಡೆಯ ಮೇಲೆ ಉಳಿದಿರುವ ಹೋದ ವರ್ಷದ ಪ್ರವಾಹದ ಗೆರೆಗೆ 550 ಮಿ.ಮೀ. ಇದೆ. ಹ್ಯಾರಿಯರ್ ಇವಿಯ 600ಕ್ಕೆ ತೀರಾ ಹತ್ತಿರ. ಹಾಗಾಗಿ ಜೋರು ಮಳೆಯ ದಿನ ಯಾವ ಗಾಡಿಯಲ್ಲೂ ದಾಟುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಲೋಡ್ ಹೆಚ್ಚಿಸಲು ಅರ್ಜಿ ಈ ವಾರ ಹಾಕುತ್ತೇನೆ. ಜೀಪಿಗೆ ಎಫ್‌ಸಿಯನ್ನೂ ಮಾಡಿಸುತ್ತೇನೆ, ಅದು ಸಕಲೇಶಪುರಕ್ಕೆ ಮಾತ್ರ. ಮುಳಬಾಗಿಲಿನ ಅಣ್ಣಾ, ಮೀಟರಿನಿಂದ ಕೊಟ್ಟಿಗೆಗೆ 22 ಮೀಟರ್ ದೂರ. ಅದಕ್ಕೆ 6 ಚದರ ಮಿ.ಮೀ. ಸಾಕಾಗುತ್ತದಾ?

ವೈರಿಂಗ್ ಕೆಲಸ:
ಸಾಕಾಗುತ್ತದೆ. ಪೈಪ್ ಒಳಗೆ ನೆಲದಡಿ ತನ್ನಿ, ಇಲಿ ಕಡಿಯದ ಹಾಗೆ. ಭಾನುವಾರ ಆ ಕಡೆ ಬರುತ್ತೇನೆ, ಅರ್ಥಿಂಗ್ ಅಳೆದು ನೋಡೋಣ.