ಮೂರು ಗಾಡಿಗೆ ಒಂದೇ ಪಾಲಿಸಿ ಆಗುತ್ತಾ? ಗುಂಪಿನಲ್ಲಿ ಬಂದ ಪ್ರಶ್ನೆಗಳು, ಉತ್ತರಗಳು

ಪ್ರಶ್ನೆ (ಹಾಸನದಿಂದ): ಸರ್, ಮನೆಯಲ್ಲಿ ಮೂರು ಗಾಡಿ ಇವೆ. 2022ರಲ್ಲಿ ಹೊಸದಾಗಿ ತೆಗೆದುಕೊಂಡ ಬುಲೆಟ್ 350, ಏಳು ವರ್ಷ ಹಳೆಯ ಆಕ್ಟಿವಾ, ಅಪ್ಪನ ಆರ್‌ಎಕ್ಸ್ 100. ಮೂರರ ಇನ್ಶೂರೆನ್ಸ್ ಮೂರು ಬೇರೆ ಬೇರೆ ತಿಂಗಳಲ್ಲಿ ಮುಗಿಯುತ್ತದೆ, ನೆನಪಿಟ್ಟುಕೊಳ್ಳುವುದೇ ಕಷ್ಟ. "ಈಗ ಎಲ್ಲಾ ಗಾಡಿಗೂ ಸೇರಿಸಿ ಒಂದೇ ಪಾಲಿಸಿ ಬಂದಿದೆ, ಅರ್ಧ ದುಡ್ಡು ಉಳಿಯುತ್ತೆ" ಅಂತ ಒಬ್ಬ ಏಜೆಂಟ್ ಹೇಳಿದರು. ನಿಜವಾ?

ಉತ್ತರ: ಒಂದೇ ಪಾಲಿಸಿ ಅನ್ನುವುದು ನಿಜ. ಅರ್ಧ ದುಡ್ಡು ಉಳಿಯುತ್ತೆ ಅನ್ನುವುದು ಸುಳ್ಳು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಪಾಲಿಸಿ ಹಾಳೆ ತೆಗೆದು ಪ್ರೀಮಿಯಂ ಲೆಕ್ಕ ಬರೆದಿರುವ ಜಾಗ ನೋಡಿ. ಸಾಮಾನ್ಯವಾಗಿ ಎರಡು ಕಾಲಂ ಇರುತ್ತವೆ. ಎಡಗಡೆ ಒಡಿ, ಅಂದರೆ ಓನ್ ಡ್ಯಾಮೇಜ್. ನಮ್ಮ ಗಾಡಿ ಕಳುವಾದರೆ, ಸುಟ್ಟರೆ, ಬಿದ್ದು ಜಖಂ ಆದರೆ ಸಿಗುವ ಹಣದ ಬಾಬ್ತು ಅದು. ಬಲಗಡೆ ಲಯಬಿಲಿಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಏನಾದರೂ ಆದರೆ ಕಂಪನಿ ಕಟ್ಟಿಕೊಡುವ ಥರ್ಡ್ ಪಾರ್ಟಿ ಅಲ್ಲಿರುತ್ತದೆ. ಅದರ ಕೆಳಗೇ "ಪಿಎ ಓನರ್ ಡ್ರೈವರ್" ಅಂತ ಇನ್ನೊಂದು ಸಾಲು ಇರುತ್ತದೆ. ಆ ಸಾಲಿನ ಮಾತು ಮುಂದೆ ಬರುತ್ತದೆ.

2022ರ ಜುಲೈನಲ್ಲಿ ಐಆರ್‌ಡಿಎಐ, ಅಂದರೆ ವಿಮಾ ಕಂಪನಿಗಳ ಮೇಲಿನ ನಿಯಂತ್ರಣ ಪ್ರಾಧಿಕಾರ, ಒಬ್ಬರೇ ಮಾಲೀಕರ ಹೆಸರಿನಲ್ಲಿರುವ ಬೈಕು, ಕಾರುಗಳನ್ನು ಒಟ್ಟಿಗೆ ಸೇರಿಸಿ ಫ್ಲೋಟರ್ ಪಾಲಿಸಿ ಕೊಡಬಹುದು ಅಂತ ಕಂಪನಿಗಳಿಗೆ ಅನುಮತಿ ಕೊಟ್ಟಿತು. ಆದರೆ ಅದು ಎಡಗಡೆಯ ಒಡಿ ಕಾಲಮ್ಮಿಗೆ ಮಾತ್ರ. ಬಲಗಡೆಯ ಥರ್ಡ್ ಪಾರ್ಟಿ ಪ್ರತಿ ಗಾಡಿಗೂ ಬೇರೆ ಬೇರೆಯಾಗೇ ಇರಬೇಕು. ಅದರ ದರವನ್ನು ಕಂಪನಿ ಇಡುವುದಿಲ್ಲ, ಸರ್ಕಾರ ಇಡುತ್ತದೆ. 2022ರ ಜೂನ್ 1ರಂದು ಬಂದ ದರಪಟ್ಟಿ ಪ್ರಕಾರ ವರ್ಷಕ್ಕೆ 75 ಸಿಸಿವರೆಗೆ 538 ರೂಪಾಯಿ, 75ರಿಂದ 150 ಸಿಸಿಗೆ 714, 150ರಿಂದ 350ಕ್ಕೆ 1,366, ಅದಕ್ಕಿಂತ ಮೇಲೆ 2,804. ಇದರ ಮೇಲೆ ಶೇ 18 ಜಿಎಸ್‌ಟಿ. ಇದರಲ್ಲಿ ಯಾವ ಏಜೆಂಟೂ ಒಂದು ರೂಪಾಯಿ ಬಿಡಲು ಬರುವುದಿಲ್ಲ, ನಾಲ್ಕು ಗಾಡಿ ಇದ್ದರೂ ಅಷ್ಟೇ.

ಹಾಗಾದರೆ ಒಡಿಯಲ್ಲಿ ಎಷ್ಟು ಉಳಿಯಬಹುದು? ನಿಮ್ಮ ಆಕ್ಟಿವಾದ ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, 40,000 ಅಂತ ಇಟ್ಟುಕೊಳ್ಳಿ. ಹಳೆಯ ಟ್ಯಾರಿಫ್ ಲೆಕ್ಕದಲ್ಲಿ ಆ ವಯಸ್ಸಿನ ಗಾಡಿಗೆ ಒಡಿ ಸುಮಾರು 700 ರೂಪಾಯಿ. ಐದು ವರ್ಷ ಕ್ಲೇಮ್ ಮಾಡದೆ ಇದ್ದರೆ ಎನ್‌ಸಿಬಿ (ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದಿದ್ದಕ್ಕೆ ಒಡಿಯಲ್ಲಿ ಸಿಗುವ ರಿಯಾಯಿತಿ) ಶೇ 50, ಅಂದರೆ ಕಟ್ಟಬೇಕಿರುವುದು 350. ಫ್ಲೋಟರ್ ಅಂತ ಅದರ ಮೇಲೆ ಶೇ 10 ಬಿಟ್ಟರೂ ನಿಮಗೆ ಸಿಗುವುದು 35 ರೂಪಾಯಿ. ಬುಲೆಟ್‌ನಲ್ಲಿ ಇನ್ನೊಂದಿಷ್ಟು ಸಿಗಬಹುದು. ಆರ್‌ಎಕ್ಸ್ 100ಗೆ ಬಹಳಷ್ಟು ಕಂಪನಿಗಳು ಒಡಿಯನ್ನೇ ಕೊಡುವುದಿಲ್ಲ, ಅಷ್ಟು ಹಳೆಯ ಗಾಡಿ. ಹಾಗಾಗಿ ಮೂರರಲ್ಲಿ ಎರಡೇ ಫ್ಲೋಟರಿಗೆ ಬರುತ್ತವೆ.

ದಿನಾಂಕ ಒಂದಾಗುತ್ತೆ ಅನ್ನುವ ಅನುಕೂಲ ಖಂಡಿತ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದೂ ಒಡಿಗೆ ಮಾತ್ರ. ಸೇರುವ ಮೊದಲು ಇದನ್ನು ಬರವಣಿಗೆಯಲ್ಲಿ ಕೇಳಿ: ಒಂದು ಗಾಡಿಗೆ ಕ್ಲೇಮ್ ಮಾಡಿದರೆ ಉಳಿದವುಗಳ ಎನ್‌ಸಿಬಿ ಉಳಿಯುತ್ತಾ, ಹೋಗುತ್ತಾ? ಒಂದೇ ದಿನ ಎರಡೂ ಗಾಡಿಗೆ ಹಾನಿಯಾದರೆ, ನೆರೆ ಬಂದು ಮನೆ ಮುಂದೆ ನಿಂತಿದ್ದ ಎರಡೂ ಮುಳುಗಿದವು ಅಂದುಕೊಳ್ಳಿ, ಎರಡಕ್ಕೂ ಪೂರ್ತಿ ಹಣ ಬರುತ್ತಾ, ಇಲ್ಲ ಒಟ್ಟು ಮಿತಿ ಅಂತ ಒಂದು ಇದೆಯಾ? ಈ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆ. ಏಜೆಂಟ್ ಬಾಯಿಮಾತಿನಲ್ಲಿ ಹೇಳಿದ್ದು ಕ್ಲೇಮ್ ದಿನ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ನಿಮ್ಮ ಬುಲೆಟ್ 2022ರದ್ದು ಅಂದಿರಿ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದ ಮೇಲೆ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಶೋರೂಮಿನಲ್ಲೇ ಕಟ್ಟಿಸಿಕೊಳ್ಳುತ್ತಾರೆ. ಅಂದರೆ ನಿಮ್ಮದು 2027ರವರೆಗೆ ಇದೆ. ಅಲ್ಲಿಯವರೆಗೆ ಬುಲೆಟ್‌ಗೆ ಪ್ರತಿ ವರ್ಷ ಬೇಕಿರುವುದು ಬರೀ ಒಡಿ ಪಾಲಿಸಿ. "ಫುಲ್ ಇನ್ಶೂರೆನ್ಸ್ ಮಾಡಿಕೊಡ್ತೀನಿ" ಅಂತ ಯಾರಾದರೂ ಮತ್ತೆ 1,366 ಸೇರಿಸಿದ್ದರೆ ಅದು ಸುಮ್ನೆ ಹೋದ ದುಡ್ಡು. ಮೊದಲು ಆ ಹಾಳೆ ಹುಡುಕಿ.

ಅದೇ ಸದಸ್ಯರು: ಹುಡುಕಿದೆ ಸರ್. ಬುಲೆಟ್‌ಗೆ ಥರ್ಡ್ ಪಾರ್ಟಿ ಮತ್ತೆ ಹಾಕಿಲ್ಲ, ದೇವರು ದೊಡ್ಡವನು. ಆದರೆ ನೀವು ಹೇಳಿದ "ಪಿಎ ಓನರ್ ಡ್ರೈವರ್" ಎರಡೂ ಗಾಡಿಯಲ್ಲಿ ಇದೆ. ಅದೇನು?

ಉತ್ತರ: ಎರಡು ಗಾಡಿ ಇರುವವರಿಗೆ ನಿಜವಾದ ಉಳಿತಾಯ ಇರುವುದೇ ಅಲ್ಲಿ.

ಅದು ಮಾಲೀಕನ ಸ್ವಂತ ಅಪಘಾತ ವಿಮೆ. 15 ಲಕ್ಷ ರೂಪಾಯಿ. ಮಾಲೀಕ ಗಾಡಿ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ ಪೂರ್ತಿ ಹಣ. ಎರಡು ಕೈ, ಎರಡು ಕಾಲು, ಅಥವಾ ಎರಡೂ ಕಣ್ಣು ಹೋದರೂ ಪೂರ್ತಿ. ಒಂದು ಕೈ, ಕಾಲು ಅಥವಾ ಒಂದು ಕಣ್ಣು ಹೋದರೆ ಅರ್ಧ. ಇದು ಕಡ್ಡಾಯ. ಆದರೆ 2019ರ ಜನವರಿಯಿಂದ ಇದನ್ನು ಗಾಡಿಯ ಪಾಲಿಸಿಯಿಂದ ಬಿಡಿಸಿ ಪ್ರತ್ಯೇಕವಾಗಿ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡರೆ ನಿಮ್ಮ ಹೆಸರಿನ ಯಾವ ಗಾಡಿ ಓಡಿಸುವಾಗ ಅಪಘಾತವಾದರೂ ಅದು ಅನ್ವಯ. ಒಬ್ಬ ಮನುಷ್ಯನಿಗೆ ಒಂದು ಸಾಕು, ಗಾಡಿಗೊಂದು ಬೇಡ. ನಿಮ್ಮ ಹತ್ತಿರ ಬೇರೆ ಕಡೆ ಕನಿಷ್ಠ 15 ಲಕ್ಷದ, ಸಾವು ಮತ್ತು ಶಾಶ್ವತ ಅಂಗವೈಕಲ್ಯ ಎರಡೂ ಇರುವ ಅಪಘಾತ ವಿಮೆ ಇದ್ದರೂ ನಡೆಯುತ್ತದೆ. ರಿನ್ಯೂ ಮಾಡುವಾಗ ಆ ಪಾಲಿಸಿ ನಂಬರ್ ಬರೆದುಕೊಟ್ಟರೆ ಆಯಿತು.

ದಯವಿಟ್ಟು ಒಂದು ಮಾತು ಕೇಳಿ. ಉಳಿಸಿದ ದುಡ್ಡು ಅಂತ ಎರಡೂ ಕಡೆ ತೆಗೆಸಿಬಿಡಬೇಡಿ. ಇಡೀ ಪಾಲಿಸಿಯಲ್ಲಿ ನಿಮ್ಮ ಮನೆಯವರಿಗಾಗಿ ಇರುವ ಸಾಲು ಅದೊಂದೇ. ಥರ್ಡ್ ಪಾರ್ಟಿ ಎದುರಿನವರಿಗೆ, ಒಡಿ ಗಾಡಿಗೆ. ನಿಮಗೆ ಏನಾದರೂ ಆದರೆ ಹೆಂಡತಿ ಮಕ್ಕಳ ಕೈಗೆ ಬರುವುದು ಈ 15 ಲಕ್ಷ. ನಾಮಿನಿ ಹೆಸರು ಸರಿಯಾಗಿದೆಯಾ ನೋಡಿಕೊಳ್ಳಿ, ಡಿಎಲ್ ಚಾಲ್ತಿಯಲ್ಲಿ ಇಟ್ಟುಕೊಳ್ಳಿ. ಲೈಸೆನ್ಸ್ ಅವಧಿ ಮುಗಿದಿದ್ದರೆ ಈ ಹಣಕ್ಕೆ ತಕರಾರು ಬರುತ್ತದೆ. ಆಗ ಕಚೇರಿಗೆ ಓಡಾಡುವವರು ನೀವಲ್ಲ, ನಿಮ್ಮ ಮನೆಯವರು.

ಪ್ರಶ್ನೆ (ಹುಬ್ಬಳ್ಳಿಯಿಂದ): ಸರ್, ಸ್ಕೂಟಿ ನನ್ನ ಹೆಸರಲ್ಲಿದೆ, ಬೈಕ್ ನಮ್ಮ ಮನೆಯವರ ಹೆಸರಲ್ಲಿ. ಇಬ್ಬರದೂ ಸೇರಿಸಿ ಮಾಡಿಸಬಹುದಾ?

ಉತ್ತರ: ಆಗುವುದಿಲ್ಲ ಮೇಡಂ. ಫ್ಲೋಟರ್‌ಗೆ ಎಲ್ಲಾ ಆರ್‌ಸಿಯಲ್ಲೂ ಒಬ್ಬರದೇ ಹೆಸರು ಇರಬೇಕು, ಗಂಡ ಹೆಂಡತಿ ಆದರೂ ಬೇರೆ ಬೇರೆಯೇ. ಅಪಘಾತ ವಿಮೆಯೂ ಹಾಗೆ. ಅವರ 15 ಲಕ್ಷ ಅವರಿಗೆ, ನಿಮ್ಮದು ನೀವೇ ತೆಗೆದುಕೊಳ್ಳಬೇಕು. "ಮನೆಯಲ್ಲಿ ಒಂದು ಇದೆಯಲ್ಲ" ಅಂತ ನಿಮ್ಮ ಸ್ಕೂಟಿಯಲ್ಲಿ ತೆಗೆಸಿದ್ದರೆ ಈ ವಾರವೇ ಸರಿ ಮಾಡಿಸಿ.

ಪ್ರಶ್ನೆ (ಮತ್ತೆ ಹಾಸನ): ಕೊನೆಯದಾಗಿ ಅಪ್ಪನ ಆರ್‌ಎಕ್ಸ್ 100. ಅಪ್ಪ ಹೋದ ವರ್ಷ ತೀರಿಕೊಂಡರು. ಆರ್‌ಸಿ ಅವರ ಹೆಸರಲ್ಲೇ ಇದೆ. ಇನ್ಶೂರೆನ್ಸ್ ಅವರ ಹೆಸರಲ್ಲೇ ರಿನ್ಯೂ ಮಾಡ್ತಿದ್ದೀನಿ, ಆನ್‌ಲೈನಲ್ಲಿ ಆಗುತ್ತೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಮೂರು ಗಾಡಿಯಲ್ಲಿ ನೀವು ಮೊದಲು ಗಮನ ಕೊಡಬೇಕಾದದ್ದು ಇದಕ್ಕೇ.

ಮಾಲೀಕರು ತೀರಿಕೊಂಡ ಮೇಲೆ ಅವರ ಪಾಲಿಸಿ ಮೂರು ತಿಂಗಳು, ಇಲ್ಲವೇ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಅಷ್ಟರಲ್ಲಿ ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆರ್‌ಟಿಒ ಕಡೆಯೂ ಹೆಚ್ಚುಕಡಿಮೆ ಇದೇ ಲೆಕ್ಕ. 30 ದಿನದೊಳಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಆನ್‌ಲೈನಲ್ಲಿ ರಿನ್ಯೂ ಆಗುತ್ತೆ ಅಂದರೆ ಕಂಪ್ಯೂಟರ್ ದುಡ್ಡು ತೆಗೆದುಕೊಂಡಿತು ಅಂತ ಅಷ್ಟೇ. ಇಲ್ಲದ ವ್ಯಕ್ತಿಯ ಹೆಸರಿನ ಪಾಲಿಸಿ ಹಿಡಿದು ಕ್ಲೇಮ್‌ಗೆ ಹೋದರೆ ಕಂಪನಿಯ ವಕೀಲರು ಮೊದಲು ಎತ್ತುವ ಪ್ರಶ್ನೆಯೇ ಅದು. ಯಾರಿಗಾದರೂ ಗಾಡಿ ತಾಗಿ ಕೇಸ್ ಆದರೆ ಪರಿಹಾರದ ಮೊತ್ತಕ್ಕೆ ಮಿತಿ ಇಲ್ಲ. ಕಂಪನಿ ಕೈ ಎತ್ತಿದರೆ ನಿಮ್ಮ ಮನೆ, ಜಮೀನಿನ ತನಕ ಬರುತ್ತದೆ.

ಮರಣ ಪ್ರಮಾಣಪತ್ರ, ಆರ್‌ಸಿ, ಅಮ್ಮ ಮತ್ತು ಒಡಹುಟ್ಟಿದವರ ಒಪ್ಪಿಗೆಯ ಅಫಿಡವಿಟ್ ಹಿಡಿದು ಆರ್‌ಟಿಒಗೆ ಹೋಗಿ. ತಡವಾಗಿದ್ದಕ್ಕೆ ದಂಡ ಹಾಕಬಹುದು, ಕಟ್ಟಿಬಿಡಿ. ಹಾಗೇ ಆರ್‌ಸಿಯ ಅವಧಿಯನ್ನೂ ನೋಡಿ. ಆ ಮಾಡೆಲ್ ತಯಾರಿಕೆ 1996ಕ್ಕೇ ನಿಂತಿದೆ, ಹದಿನೈದು ವರ್ಷ ದಾಟಿ ಎಷ್ಟೋ ಕಾಲವಾಯಿತು. ಐದೈದು ವರ್ಷಕ್ಕೆ ನವೀಕರಣ ಆಗಿರಬೇಕು. ಹೆಸರು ಬದಲಾದ ಮೇಲೆ ನಿಮ್ಮ ಹೆಸರಲ್ಲಿ ಹೊಸ ಥರ್ಡ್ ಪಾರ್ಟಿ ಮಾಡಿಸಿ. 98 ಸಿಸಿ, ಹಾಗಾಗಿ 714ರ ಸಾಲು. ಅಲ್ಲಿಯವರೆಗೆ ಗಾಡಿ ರಸ್ತೆಗೆ ಇಳಿಸಬೇಡಿ. ಅಪ್ಪನ ಗಾಡಿ ಅಂದರೆ ಓಡಿಸುವ ಆಸೆ ಇರುತ್ತದೆ, ಗೊತ್ತು. ಆದರೂ ಬೇಡ.

ಪ್ರಶ್ನೆ (ಮಂಗಳೂರಿನಿಂದ): ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ. ಅವನ ಮೂರು ಬೈಕಿಗೂ ಒಂದೇ ಪಾಲಿಸಿ, ಥರ್ಡ್ ಪಾರ್ಟಿ ಸೇರಿ. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಲ್ಲ? ನನ್ನ ಒಂದು ಬೈಕ್ ವರ್ಷದಲ್ಲಿ ಎಂಟು ತಿಂಗಳು ಸುಮ್ನೆ ನಿಂತಿರುತ್ತೆ. ಅದಕ್ಕೂ ಕಟ್ಟಬೇಕಾ?

ಉತ್ತರ: ಅಲ್ಲಿ ಥರ್ಡ್ ಪಾರ್ಟಿ ಬೆಲೆಯನ್ನೂ ಕಂಪನಿಯೇ ಇಡುತ್ತದೆ. ಒಬ್ಬ ಮನುಷ್ಯ ಒಂದು ಸಲಕ್ಕೆ ಒಂದೇ ಬೈಕ್ ಓಡಿಸುತ್ತಾನೆ ಅಂತ ಲೆಕ್ಕ ಹಾಕಿ ಬೆಲೆ ಇಳಿಸಬಹುದು. ಇಲ್ಲಿ ಗಾಡಿ ಲೆಕ್ಕದಲ್ಲಿ ಸರ್ಕಾರದ ದರ. ಆದರೆ ಅಲ್ಲಿ ಇನ್ನೊಂದು ಬಿಗಿ ಇದೆ. 2011ರಿಂದ ಗಾಡಿ ಮನೆಯಲ್ಲಿ ನಿಂತಿದ್ದರೂ ಇನ್ಶೂರೆನ್ಸ್ ಇರಬೇಕು, ಇಲ್ಲವಾದರೆ ರಸ್ತೆಗೆ ಇಳಿಸುವುದಿಲ್ಲ ಅಂತ ಸರ್ಕಾರಕ್ಕೆ ಮೊದಲೇ ತಿಳಿಸಿರಬೇಕು.

ನಮ್ಮ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಹೇಳುವುದು ಸಾರ್ವಜನಿಕ ಜಾಗದಲ್ಲಿ ಗಾಡಿ ಬಳಸುವ ಬಗ್ಗೆ. ಕಾಂಪೌಂಡ್ ಒಳಗೆ ಕವರ್ ಹಾಕಿ ನಿಲ್ಲಿಸಿದ್ದು ಬೇರೆ, ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಿದ್ದು ಬೇರೆ. ಆದರೂ ನಿಲ್ಲಿಸಿದ ಗಾಡಿಗೂ ಕಟ್ಟಿ ಅಂತಲೇ ನನ್ನ ಸಲಹೆ. "ಒಂದು ರೌಂಡ್ ಹೋಗಿ ಬರ್ತೀನಿ, ಬ್ಯಾಟರಿ ಇಳಿದಿದೆ" ಅಂತ ಮಗನೋ ಪಕ್ಕದ ಮನೆ ಹುಡುಗನೋ ತೆಗೆಯುತ್ತಾನೆ. ಸಿಕ್ಕಿಬಿದ್ದರೆ ಕಾಯ್ದೆಯ 196ನೇ ಸೆಕ್ಷನ್‌ನಲ್ಲಿ ಮೊದಲ ಸಲ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ ದಂಡ 4,000. ಜೊತೆಗೆ ಪಾಲಿಸಿ ಮುಗಿದು 90 ದಿನ ದಾಟಿದರೆ ಕೂಡಿಟ್ಟ ಎನ್‌ಸಿಬಿ ಪೂರ್ತಿ ಹೋಗುತ್ತದೆ, ಮತ್ತೆ ಸೊನ್ನೆಯಿಂದ ಶುರು. ಕಡಿಮೆ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕದ ಒಡಿಗೂ ಅದೇ 2022ರಲ್ಲಿ ಅನುಮತಿ ಬಂದಿದೆ. ನಿಮ್ಮಂಥವರಿಗೆ ಫ್ಲೋಟರಿಗಿಂತ ಅದು ಲಾಭ, ವಿಚಾರಿಸಿ.

ಪ್ರಶ್ನೆ (ದಾವಣಗೆರೆಯಿಂದ): ನಮ್ಮದು ಪಾರ್ಟ್ನರ್‌ಶಿಪ್ ಅಂಗಡಿ. ನಾಲ್ಕು ಬೈಕ್ ಫರ್ಮ್ ಹೆಸರಲ್ಲಿವೆ.

ಉತ್ತರ: ಈ ಫ್ಲೋಟರ್ ನಿಮಗೆ ಬರುವುದಿಲ್ಲ, ಅದು ವ್ಯಕ್ತಿಗಳ ಹೆಸರಿನ ಗಾಡಿಗೆ. ಓನರ್ ಡ್ರೈವರ್ ಅಪಘಾತ ವಿಮೆಯೂ ಫರ್ಮ್ ಗಾಡಿಗೆ ಅನ್ವಯವಿಲ್ಲ. ಅದಕ್ಕೆ ದುಡ್ಡು ಹಾಕಿದ್ದರೆ ತೆಗೆಸಿ, ಬದಲಿಗೆ ಬೈಕ್ ಓಡಿಸುವ ಹುಡುಗರ ಹೆಸರಲ್ಲಿ ಬೇರೆ ಅಪಘಾತ ವಿಮೆ ಮಾಡಿಸಿ. ದಿನವಿಡೀ ರಸ್ತೆಯಲ್ಲಿರುವವರು ಅವರೇ.

ಪ್ರಶ್ನೆ (ಮೈಸೂರಿನಿಂದ): ಹಳೆಯ ಸ್ಕೂಟರ್ ಮಾರಿ ಎಲೆಕ್ಟ್ರಿಕ್ ತಗೊಳ್ತಿದ್ದೀನಿ. ಒಂದು ಬೈಕ್ ಬೇರೆ ಇದೆ. ಏನು ನೋಡಿಕೊಳ್ಳಬೇಕು?

ಉತ್ತರ: ಮಾರಿದ ಮೇಲೆ ಕಂಪನಿಯಿಂದ ಎನ್‌ಸಿಬಿ ಪತ್ರ ಬರೆಸಿಕೊಳ್ಳಿ. ಎನ್‌ಸಿಬಿ ನಿಮ್ಮದು, ಗಾಡಿಯದಲ್ಲ. ಹೊಸ ಸ್ಕೂಟರಿನ ಒಡಿಗೆ ಹಾಕಿಸಬಹುದು. ಕೊಂಡವರು 14 ದಿನದೊಳಗೆ ಪಾಲಿಸಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಆರ್‌ಸಿ ಬದಲಾಗುವವರೆಗೆ ನೀವೇ ಬೆನ್ನುಬೀಳಿ.

ಎಲೆಕ್ಟ್ರಿಕ್ ಗಾಡಿಗೆ ಥರ್ಡ್ ಪಾರ್ಟಿಯಲ್ಲಿ ಶೇ 15 ರಿಯಾಯಿತಿ ಇದೆ. ಐದು ವರ್ಷಕ್ಕೆ 3 ಕಿಲೋವ್ಯಾಟ್‌ವರೆಗೆ 2,466, 3ರಿಂದ 7 ಕಿಲೋವ್ಯಾಟ್‌ಗೆ 3,273, ಮೇಲೆ ಜಿಎಸ್‌ಟಿ. ಶೋರೂಮಿನವರು ತಮ್ಮ ಕಂಪನಿಯದ್ದೇ ತೆಗೆದುಕೊಳ್ಳಬೇಕು ಅಂತ ಹೇಳುವ ಹಾಗಿಲ್ಲ. ಅವರು ಕೊಡುವ ಕೊಟೇಶನ್ನಿನಲ್ಲಿ ಓನರ್ ಡ್ರೈವರ್ ಸಾಲು ಇದ್ದೇ ಇರುತ್ತದೆ. ನಿಮ್ಮ ಪ್ರತ್ಯೇಕ ಅಪಘಾತ ವಿಮೆಯ ಪ್ರತಿ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ತೋರಿಸಿ, ಆ ಸಾಲು ತೆಗೆಸಿದ ಮೇಲೆ ದುಡ್ಡು ಕಟ್ಟಿ.