ಮಗನಿಗೆ ಎಕ್ಸ್‌ಎಲ್‌ಎ (ಸೋಂಕು ತಡೆಯುವ ಆಂಟಿಬಾಡಿಯನ್ನು ದೇಹ ಮಾಡದ ಹುಟ್ಟುಕಾಯಿಲೆ) ಅಂತ ಗೊತ್ತಾಯಿತು. ಜೀವನಪೂರ್ತಿ ಆಂಟಿಬಾಡಿ ಡ್ರಿಪ್ ಬೇಕಾ?

ಇಬ್ಬರು ಮಕ್ಕಳ ಅಮ್ಮ:
ಮಗನಿಗೆ ಮೂರು ವರ್ಷ. ಎಂಟು ತಿಂಗಳವರೆಗೆ ಗುಂಡುಗುಂಡಾಗಿ ಚೆನ್ನಾಗಿದ್ದ. ಆಮೇಲೆ ಶುರುವಾಯಿತು ನೋಡಿ, ಕಿವಿ ಸೋರುವುದು, ಕಫ, ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ. ಬೆಳೆಯುವ ಮಕ್ಕಳಿಗೆ ಇದೆಲ್ಲ ಇದ್ದದ್ದೇ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಕೊನೆಗೆ ಒಬ್ಬ ಡಾಕ್ಟರು ಬಾಯಿ ತೆರೆಸಿ ನೋಡಿ, ಟಾನ್ಸಿಲ್ ಕಾಣುತ್ತಲೇ ಇಲ್ಲ ಅಂದರು. ರಕ್ತಪರೀಕ್ಷೆಯಲ್ಲಿ ಐಜಿಜಿ, ಅಂದರೆ ರಕ್ತದ ಮುಖ್ಯ ಆಂಟಿಬಾಡಿ, ತೀರಾ ಕಡಿಮೆ, ಆಂಟಿಬಾಡಿ ಮಾಡುವ ಬಿ ಕಣಗಳು ಇಲ್ಲವೇ ಇಲ್ಲ ಅನ್ನುವಷ್ಟು. ಬಿ ಕಣ ಬೆಳೆಯಲು ಬೇಕಾದ ಬಿಟಿಕೆ ಜೀನಿನ ತೊಂದರೆ, ನನ್ನಿಂದಲೇ ಬಂದಿದೆಯಂತೆ. ರಾತ್ರಿ ನಿದ್ದೆ ಬರುತ್ತಿಲ್ಲ. ಅಸ್ಥಿಮಜ್ಜೆ ಕಸಿ ಮಾಡಿಸಿದರೆ ಪೂರ್ತಿ ವಾಸಿಯಾಗುತ್ತದಾ? ತಂಗಿ ಐದು ತಿಂಗಳ ಬಸುರಿ, ಅವಳಿಗೆ ಹೇಳಲೋ ಬೇಡವೋ?

ಇಪ್ಪತ್ತಾರು ವರ್ಷದಿಂದ ಡ್ರಿಪ್:
ನನಗೂ ಇದೇ ಕಾಯಿಲೆ ಅಕ್ಕಾ. ಕೆಲಸಕ್ಕೆ ಹೋಗುತ್ತೇನೆ, ಮದುವೆಯಾಗಿದೆ. ನಮ್ಮ ದೇಹ ಆಂಟಿಬಾಡಿ ಮಾಡುವುದಿಲ್ಲ, ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದದ್ದನ್ನು ನಮಗೆ ಕೊಡುತ್ತಾರೆ, ಅಷ್ಟೇ. ಐಜಿಜಿ ಸುಮಾರು 3 ವಾರಕ್ಕೆ ಅರ್ಧ ಇಳಿಯುತ್ತದೆ, ಅದಕ್ಕೇ 3-4 ವಾರಕ್ಕೊಮ್ಮೆ ಹೋಗಬೇಕು. ಮುಂದಿನ ಡೋಸಿಗೆ ಮುಂಚೆ ಐಜಿಜಿ ಎಷ್ಟಿದೆ ಅಂತ ಆಗಾಗ ನೋಡಿಸಿ. ಮಗು ಬೆಳೆದಂತೆ ತೂಕ ಜಾಸ್ತಿಯಾಗುತ್ತದೆ, ಡೋಸ್ ಹಳೆಯದೇ ಉಳಿದರೆ ಸಾಲುವುದಿಲ್ಲ. ನನಗೆ ಚಿಕ್ಕವನಿದ್ದಾಗ ಹಾಗೇ ಆಗಿ ಶ್ವಾಸಕೋಶ ಸ್ವಲ್ಪ ಹಾಳಾಯಿತು, ಅದು ಮತ್ತೆ ಸರಿಯಾಗಲಿಲ್ಲ. ಚರ್ಮದ ಕೆಳಗೆ ವಾರಕ್ಕೊಮ್ಮೆ ಮನೆಯಲ್ಲೇ ತೆಗೆದುಕೊಳ್ಳುವ ವಿಧಾನವೂ ಇದೆ, ಕೇಳಿ ನೋಡಿ.

ಲ್ಯಾಬಿನವಳು:
ತಂಗಿಗೆ ಖಂಡಿತ ಹೇಳಿ, ಇವತ್ತೇ ಹೇಳಿ. ಅವರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆ ಇಲ್ಲದೆ ಜೀನಿನ ದೋಷ ಮಾತ್ರ ಹೊತ್ತಿದ್ದರೆ, ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಹುಟ್ಟಿದ ಮಗುವಿನ ಐಜಿಜಿ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ, ಅದು ತಾಯಿಯದು. ನಿಮ್ಮ ಮಗ ಎಂಟು ತಿಂಗಳು ಚೆನ್ನಾಗಿದ್ದದ್ದೂ ನಿಮ್ಮ ಆಂಟಿಬಾಡಿಯಿಂದಲೇ. ಬಿ ಕಣಗಳನ್ನೇ ಎಣಿಸಬೇಕು, ಫ್ಲೋ ಸೈಟೋಮೆಟ್ರಿ ಅಂತ ಕೇಳಿ. ನಿಮ್ಮ ಮಗನಿಗೆ ಪೋಲಿಯೋ ಹನಿ ಹಾಕಿಸಬಾರದು, ಮನೆಯ ಬೇರೆ ಮಕ್ಕಳಿಗೂ ಹನಿಯ ಬದಲು ಚುಚ್ಚುಮದ್ದು ಕೊಡಿಸಿ, ಏಕೆಂದರೆ ಹನಿಯ ವೈರಸ್ ಮಲದಲ್ಲಿ ಹೊರಬರುತ್ತದೆ.

ಕಸಿ ಮಾಡಿಸಿದ ಮನೆ:
ನಮ್ಮ ಮಗಳಿಗೆ ಇದ್ದದ್ದು ಸ್ಕಿಡ್, ರೋಗನಿರೋಧಕ ಶಕ್ತಿಯ ಇನ್ನೂ ತೀವ್ರವಾದ ಬೇರೆ ಹುಟ್ಟುಕಾಯಿಲೆ. ಅದರಲ್ಲಿ ಸೋಂಕಿನ ವಿರುದ್ಧ ಹೋರಾಡುವ ಟಿ ಕಣಗಳೇ ಇರುವುದಿಲ್ಲ, ಐಜಿಜಿ ಕೊಟ್ಟು ಕಾಯುವಂತಿಲ್ಲ, ಕಸಿ ಇಲ್ಲವೇ ಕೆಲವು ಬಗೆಗೆ ಜೀನ್ ಚಿಕಿತ್ಸೆ ಬೇಕೇ ಬೇಕು, ಅದೂ ಸೋಂಕು ಹತ್ತುವ ಮೊದಲೇ. ಕಸಿಯ ಕಷ್ಟ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕೀಮೋ, ತಿಂಗಳುಗಟ್ಟಲೆ ಒಂದೇ ಕೋಣೆ, ದಾನಿಯ ಕಣಗಳು ಮಗುವಿನ ಮೇಲೇ ತಿರುಗಿಬೀಳುವ ಭಯ. ಎಕ್ಸ್‌ಎಲ್‌ಎಗೆ ಐಜಿಜಿ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಡಾಕ್ಟರುಗಳು ಸಾಮಾನ್ಯವಾಗಿ ಕಸಿಗೆ ಕೈಹಾಕುವುದಿಲ್ಲ. ಸುಮ್ನೆ ಕಸಿಯ ಆಸೆ ಇಟ್ಟುಕೊಂಡು ಡ್ರಿಪ್ ಮಾತ್ರ ತಪ್ಪಿಸಬೇಡಿ. ನನ್ನಿಂದ ಬಂತು ಅಂತ ಕೊರಗಬೇಡಿ ತಾಯಿ, ಗೊತ್ತಿದ್ದು ಕೊಟ್ಟದ್ದಲ್ಲ ಅಲ್ವಾ?

ಇಬ್ಬರು ಮಕ್ಕಳ ಅಮ್ಮ:
ಓದುತ್ತಾ ಅತ್ತುಬಿಟ್ಟೆ. ತಂಗಿಗೆ ಫೋನ್ ಮಾಡಿದೆ, ನಾಳೆ ಪರೀಕ್ಷೆಗೆ ಹೋಗುತ್ತಾಳೆ. ಮಗಳಿಗೆ ಆರು ವರ್ಷ, ಅವಳನ್ನೂ ಈಗಲೇ ಪರೀಕ್ಷೆ ಮಾಡಿಸಬೇಕಾ?

ಲ್ಯಾಬಿನವಳು:
ಅವಳಿಗೆ ಕಾಯಿಲೆ ಬರುವುದು ತೀರಾ ಅಪರೂಪ, ವಾಹಕಳಾಗಿರಬಹುದು ಅಷ್ಟೇ. ಅವಸರ ಇಲ್ಲ. ದೊಡ್ಡವಳಾದ ಮೇಲೆ ಅವಳೇ ಕೇಳಿ ಮಾಡಿಸಿಕೊಳ್ಳಲಿ.