ಜೇಕಿನ ಬೇರಲ್ಲಿ ಕ್ರೋಮೋಸೋಮ್ ಲೆಕ್ಕ ತಾಳೆ ಆಗ್ತಿಲ್ಲ, ಸೆಂಟ್ರೋಮಿಯರೂ ಕಾಣ್ತಿಲ್ಲ

ಗದ್ದೆಬದು (ಹೊಸನಗರ):
ನಮಸ್ಕಾರ ಎಲ್ರಿಗೂ. ಎಂಎಸ್ಸಿ ಪ್ರಾಜೆಕ್ಟಿಗೆ ನಮ್ಮನೆ ಅಡಿಕೆ ತೋಟದ ಕೊನ್ನಾರಿ ಗಡ್ಡೆ ತಗೊಂಡಿದೀನಿ, ಅದೇ ಸೈಪೆರಸ್ ರೋಟಂಡಸ್ ಅನ್ನೋ ಜೇಕು, ನಮ್ಮಜ್ಜಿ ಜೀವಮಾನ ಪೂರ್ತಿ ಕಿತ್ರೂ ಮುಗೀದೇ ಇರೋದು. ತೆಂಗಿನ ಚಿಪ್ಪಲ್ಲಿ ಒದ್ದೆ ಮರಳು ಹಾಕಿ ಗಡ್ಡೆ ಇಟ್ಟೆ, ಬಿಳೀ ಬೇರು ಚೆನ್ನಾಗೇ ಬಂತು, ಈರುಳ್ಳಿಗೆ ಮಾಡೋ ಹಾಗೇ ತುದಿ ಕತ್ತರಿಸಿ ನೇರ ಫಿಕ್ಸ್ ಮಾಡಿ (ಸೆಲ್ ಇದ್ದ ಹಾಗೇ ನಿಲ್ಲಿಸಿ) ಅಸಿಟೋಕಾರ್ಮಿನ್ ಬಣ್ಣ ಹಾಕಿ ಒತ್ತಿದೆ. ಕ್ರೋಮೋಸೋಮ್ ಒಂದು ಸೆಲ್ಲಲ್ಲಿ 94, ಇನ್ನೊಂದ್ರಲ್ಲಿ 101, ಮತ್ತೊಂದ್ರಲ್ಲಿ 110ರ ಹತ್ರ. ಎಲ್ಲಾ ಗಸಗಸೆ ಚೆಲ್ಲಿದ ಹಾಗೆ ಚುಕ್ಕಿ, ಸೆಂಟ್ರೋಮಿಯರ್ ಇರೋ ಕಡೆ ನಡು ಸಣ್ಣಗಾಗಿರೋದು ಒಂದ್ರಲ್ಲೂ ಇಲ್ಲ. ಜೇಕಲ್ಲಿ ಕ್ರೋಮೋಸೋಮ್ ಒಡೆದು ಸಂಖ್ಯೆ ಬದಲಾಗತ್ತೆ ಅಂತ ಓದಿದ್ದೆ, ಇದೂ ಅದೇ ಅಂತ ಬರೆದ್ಬಿಡ್ಲಾ?

ಪುಂಡಿಸೊಪ್ಪು:
ಸ್ಟೇನ್ ಸಾಲ್ಲಿಲ್ಲ ಅನ್ಸತ್ತೆ ಮಾರಾಯ್ರೆ. ನಂಗೆ ಜೋಳದಲ್ಲಿ ಇನ್ನರ್ಧ ಗಂಟೆ ಬಿಟ್ಟಿದ್ದಕ್ಕೆ ಸರಿ ಆಯ್ತು. ಎರಡೂ ಹುಲ್ಲೇ ಅಲ್ವಾ.

ಹಳೇಲೆನ್ಸ್ (ತೀರ್ಥಹಳ್ಳಿ):
ಜೋಳದ ಲೆಕ್ಕ ಇಲ್ಲಿ ನಡೆಯಲ್ಲ. ಜೇಕು ನೋಡೋಕೆ ಹುಲ್ಲು ಅಷ್ಟೇ, ದಂಟನ್ನ ಬೆರಳಲ್ಲಿ ಉರುಳಿಸಿ, ಮೂರು ಮೂಲೆ ತಾಗತ್ತೆ. ಇದರ ಹತ್ತಿರದ ನೆಂಟರು ಜಂಕೇಸಿ ಕುಟುಂಬದವರು, ಅದ್ರಲ್ಲಿನ ಲುಝುಲಾ ಅನ್ನೋ ಗಿಡದಲ್ಲೂ ಇದೇ ಕಥೆ: ಸೆಂಟ್ರೋಮಿಯರ್, ಅಂದ್ರೆ ಸೆಲ್ ಭಾಗ ಆಗುವಾಗ ಎಳೆಯೋ ದಾರ ಹಿಡಿಯೋ ಜಾಗ, ಒಂದು ಕಡೆ ಕೂತಿರಲ್ಲ, ಕ್ರೋಮೋಸೋಮಿನ ಉದ್ದಕ್ಕೂ ಹರಡಿರತ್ತೆ. ಹೋಲೋಸೆಂಟ್ರಿಕ್ ಅಂತಾರೆ. ಹಾಗಾಗಿ ನಡು ಹುಡುಕೋದು ಬಿಡಿ, ಇಲ್ಲದ್ದು ಸಿಗಲ್ಲ.

ಜೋಳದ್ದು ತುಂಡಾದ್ರೆ ಸೆಂಟ್ರೋಮಿಯರ್ ಇಲ್ಲದ ಚೂರನ್ನ ಎಳ್ಕೊಂಡು ಹೋಗೋರಿಲ್ಲ, ಕಳೆದು ಹೋಗತ್ತೆ. ಜೇಕಲ್ಲಿ ಹಾಗಲ್ಲ, ಎರಡು ಚೂರಿಗೂ ದಾರ ಹಿಡಿಯೋ ಜಾಗ ಇರತ್ತೆ, ಎರಡೂ ಉಳೀತಾವೆ, ಡಿಎನ್ಎ ಅಷ್ಟೇ ಇದ್ರೂ ಲೆಕ್ಕ ಒಂದು ಹೆಚ್ಚು. ಕೂಡ್ಕೊಂಡ್ರೆ ಒಂದು ಕಮ್ಮಿ. ಅದಕ್ಕೇ ಕೇರೆಕ್ಸ್ ಸ್ಕೋಪೇರಿಯಾ ಅನ್ನೋ ಒಂದೇ ಜಾತಿ ಜೇಕಲ್ಲಿ 2ಎನ್ (ಬೇರಿನಂಥ ಸೆಲ್ಲಿನ ಒಟ್ಟು ಕ್ರೋಮೋಸೋಮ್ ಲೆಕ್ಕ) 56ರಿಂದ 70ರ ತನಕ ಸಿಗತ್ತೆ, ಆದ್ರೆ ರಿಂಕೋಸ್ಪೋರಾ ಟೆನುಯಿಸ್ ಅನ್ನೋ ಇನ್ನೊಂದು ಜೇಕಲ್ಲಿ ಬರೀ 4! ಸಂಖ್ಯೆ ಹತ್ತಿರ ಇದೆ ಅಂದ್ಕೂಡ್ಲೇ ನೆಂಟಸ್ತಿಕೆ ಹೇಳೋಕಾಗದೇ ಇರೋದು ಇದಕ್ಕೇ. ಕಿಲ್ಲಿಂಗಾ ಅನ್ನೋ ಜೇಕಿನ ಗುಂಪನ್ನ ಸೈಪೆರಸ್ಸಿಗೆ ಸೇರಿಸಿದ್ದು ಡಿಎನ್ಎ ನೋಡಿ, ಹಳೇ ಫ್ಲೋರಾ (ಗಿಡ ಗುರುತಿಸೋ ಪುಸ್ತಕ) ಹಿಡ್ಕೊಂಡು ಹೆಸರು ಬರೀಬೇಡಿ.

ಆದ್ರೆ ನಿಮ್ಮದು ಅದಲ್ಲ. ಒಂದೇ ಗಡ್ಡೆಯ ಬೇರಲ್ಲಿ 94ರಿಂದ 110 ಅಂದ್ರೆ ಮೊದ್ಲು ಕೈ ಮೇಲೆ ಅನುಮಾನ ಪಡಿ, ಆಮೇಲೆ ಕ್ರೋಮೋಸೋಮ್ ಮೇಲೆ. ಕೊನ್ನಾರಿಗೆ ಸಾಮಾನ್ಯವಾಗಿ ವರದಿ ಆಗಿರೋದು 108, ಒಂದರ ಮೇಲೊಂದು ಬಿದ್ರೆ ಯಾರಿಗೂ ಎಣಿಸೋಕಾಗಲ್ಲ. ಫಿಕ್ಸ್ ಮಾಡೋ ಮೊದ್ಲು ಕ್ರೋಮೋಸೋಮ್ ಬಿಡಿಬಿಡಿ ಆಗೋಕೆ ಪ್ರೀಟ್ರೀಟ್‌ಮೆಂಟ್ ಮಾಡಿಲ್ವಲ್ಲ? 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೋಲಿನಲ್ಲಿ ತಂಪಾಗಿ ನಾಲ್ಕು ಗಂಟೆ ಇಡಿ, ಆಮೇಲೆ ಆಲ್ಕೋಹಾಲ್ ಮೂರು ಅಸಿಟಿಕ್ ಒಂದು ಪಾಲಲ್ಲಿ ಫಿಕ್ಸ್, ಆಮೇಲೆ 1 ನಾರ್ಮಲ್ ಎಚ್‌ಸಿಎಲ್, 60 ಡಿಗ್ರಿ, ಎಂಟು ನಿಮಿಷ. ಬೇರಿನ ತುದೀಲಿ ಬಿಳೀ ಮೊನೆ ಮಾತ್ರ ಇಟ್ಕೊಂಡು ಮಿಕ್ಕಿದ್ದು ಬಿಸಾಕಿ. ಕವರ್‌ಸ್ಲಿಪ್ ಮೇಲೆ ಪೆನ್ಸಿಲ್ ಹಿಂಬದಿಯ ರಬ್ಬರಿಂದ ಮೆತ್ತಗೆ ತಟ್ಟಿ, ಆಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ನೇರ ಒತ್ತಿ, ಜಾರಿದ್ರೆ ಸೆಲ್ ಒಡೆದು ಪಕ್ಕದ ಸೆಲ್ಲಿನ ಚುಕ್ಕಿ ಬಂದು ಸೇರ್ಕೊಳತ್ತೆ, ನಿಮ್ಮ 110 ಹಾಗೇ ಬಂದಿರೋದು ಅನ್ಸತ್ತೆ.

ಗದ್ದೆಬದು:
ಸರ್, ಇನ್ನೊಂದು. ಮೊಗ್ಗಿನ ಆಂಥರ್ (ಪರಾಗದ ಚೀಲ) ನೋಡಿದೆ, ಪರಾಗದ ನಾಲ್ಕರ ಗುಂಪು ಎಲ್ಲೂ ಕಾಣ್ಲಿಲ್ಲ, ಒಂದೊಂದೇ ಕಾಳು.

ಹಳೇಲೆನ್ಸ್:
ಅದು ತಪ್ಪಲ್ಲ, ಜೇಕಿನ ಜಾತಿ ಗುಣ. ಮಿಯೋಸಿಸ್ (ಕ್ರೋಮೋಸೋಮ್ ಅರ್ಧ ಆಗೋ ವಿಭಜನೆ) ಆಗಿ ನಾಲ್ಕು ನ್ಯೂಕ್ಲಿಯಸ್ ಬರತ್ತೆ, ಅದ್ರಲ್ಲಿ ಮೂರು ಒಂದೇ ಮೂಲೆಗೆ ಸರಿದು ಸಾಯ್ತವೆ, ಒಂದೇ ಪರಾಗ ಆಗತ್ತೆ. ಇದಕ್ಕೆ ಸ್ಯೂಡೋಮೊನಾಡ್ ಅಂತಾರೆ. ಚೂಪು ಕಡೆ ದಿಟ್ಟಿಸಿ ನೋಡಿ, ಮೂರು ಸಣ್ಣ ಕಲೆ ಸಿಕ್ಕೇ ಸಿಗತ್ತೆ. ಕ್ರೋಮೋಸೋಮ್ ಒಡೆದಿದ್ಯಾ ಅಂತ ನಿಜವಾಗ್ಲೂ ಗೊತ್ತಾಗಬೇಕಾದ್ರೆ ಮಿಯೋಸಿಸಿನ ಮೆಟಾಫೇಸ್-1ರಲ್ಲಿ (ಕ್ರೋಮೋಸೋಮ್ ಜೋಡಿಗಳು ಸೆಲ್ಲಿನ ನಡುವೆ ಸಾಲಾಗೋ ಹಂತ) ಜೋಡಿ ಎಣಿಸಿ, ಎರಡರ ಬದ್ಲು ಮೂರು ಅಂಟ್ಕೊಂಡಿದ್ರೆ ಅನುಮಾನ ಪಡಬಹುದು. ಮೊದ್ಲು ಗದ್ದೆಗಿಳಿದು ಫಿಂಬ್ರಿಸ್ಟೈಲಿಸ್ ಅನ್ನೋ ಜೇಕು ತಂದು ಕೈ ಪಳಗಿಸಿ, ಅದರ ಮೂಲಸಂಖ್ಯೆ (ಒಂದು ಸೆಟ್ಟಿನ ಕ್ರೋಮೋಸೋಮ್ ಲೆಕ್ಕ) 5, ಎಣಿಸೋಕೆ ಸುಲಭ. ಬೀಸಣಿಗೆ ಥರ ಚಪ್ಪಟೆ ಎಲೆ, ಗುಂಡಗಿನ ಸಣ್ಣ ತೆನೆ.

ಗದ್ದೆಬದು:
ಭಾನುವಾರ ಕರೆಂಟ್ ಬಂದ ಎರಡು ಗಂಟೇಲಿ ಮಾಡ್ದೆ. ಫಿಂಬ್ರಿಸ್ಟೈಲಿಸ್ ಐದು ಸೆಲ್ಲಲ್ಲೂ 10, ಒಂದೂ ಹೆಚ್ಚುಕಮ್ಮಿ ಇಲ್ಲ. ಆಂಥರಲ್ಲಿ ಮೂರು ಕಲೇನೂ ಸಿಕ್ತು. ಕೊನ್ನಾರಿ ಇನ್ನೂ 104, 108 ಅಂತಿದೆ, ನಾಳೆ ಮತ್ತೆ ಗಡ್ಡೆ ಅಗೀಬೇಕು, ಅಜ್ಜಿಗೆ ಖುಷಿ.